ಈ ಸಲ ಗಾಳಿ ಇಲ್ಲ

ಅಕ್ಟೋಬರ್ 9

ಯೂನಿಫಾರ್ಮ್ ಆರ್ಡರ್ ಅರ್ಧವೂ ಆಗಿಲ್ಲ. ಕಾಲರ್‌ಗಳದ್ದೇ ರಗಳೆ. ಕಟಿಂಗ್ ಮಾಸ್ಟರ್ ಬೆಳಗಿನಿಂದ ಸಿಡಿಮಿಡಿ. ಟೈಲರ್ ಅಂಗಡಿಯ ಈ ಮಹಡಿಯಿಂದ ಎದುರಿಗೇ ನಮ್ಮ ಮನೆ. ಅತ್ತೆ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

ರೇಡಿಯೋದಲ್ಲಿ ಚಂಡಮಾರುತದ ಸುದ್ದಿ. ಬೀದಿಯಲ್ಲಿ ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಕೆಳಗಿನ ಇಸ್ತ್ರಿ ಅಂಗಡಿಯವನು ಮರ ತೋರಿಸಿ ನಕ್ಕ. "ಒಂದೆಲೆ ಅಲ್ಲಾಡ್ತಿಲ್ಲ ಅಕ್ಕಾ. ಹೋದ್ಸಲ ನೆನಪಿದ್ಯಲ್ಲ? ಮುಂಚೇನೇ ಗಾಳಿ ಊಳಿಡ್ತಿತ್ತು."

ನೆನಪಿಲ್ಲದೆ ಏನು.

ಅಕ್ಟೋಬರ್ 10

ಹೋದ ಸಲದ್ದನ್ನು ಬರೆದಿಡಲಿಲ್ಲ. ಆಗ ಬರೆಯುವ ಸ್ಥಿತಿಯಲ್ಲಿ ಯಾರಿದ್ದರು. ಏಳು ವರ್ಷವಾಯಿತು. ಅದು ಬರೀ ಗಾಳಿ, ಮಳೆ ಹೆಸರಿಗಷ್ಟೇ. ತಗಡಿನ ಮಾಡುಗಳೆಲ್ಲ ಹಾರಿದವು. ಮಾವ ಸ್ಕೂಲ್ ಕಟ್ಟಡಕ್ಕೆ ಓಡೋಣ ಎಂದು ಹೊರಟರು, ಬೀದಿ ದಾಟಲಿಲ್ಲ. ಒಂದು ತಗಡು ಬಂದು... ಬೇಡ. ಅತ್ತೆ ಹಟ ಹಿಡಿದು ಮಂಚದ ಕೆಳಗೇ ಉಳಿದಿದ್ದರು. ಬದುಕಿದರು. ಇಡೀ ಬೀದಿ ಅದರಿಂದ ಒಂದೇ ಪಾಠ ಕಲಿಯಿತು — ಹೊರಗೆ ಕಾಲಿಡಬಾರದು.

ಆಮೇಲೆ ನಮ್ಮ ಯಜಮಾನರ ವೆಲ್ಡಿಂಗ್ ಕೆಲಸಕ್ಕೆ ಬಿಡುವೇ ಇಲ್ಲ. ಮನೆಮನೆಗೂ ಕಿಟಕಿಗೆ ಗ್ರಿಲ್, ಮುಂದೆ ಹೊರಕ್ಕೆ ತೆರೆಯುವ ಕಬ್ಬಿಣದ ಬಾಗಿಲು. ಗಾಳಿ ತಳ್ಳಿದಷ್ಟೂ ಬಾಗಿಲು ಚೌಕಟ್ಟಿಗೆ ಬಿಗಿಯಾಗಬೇಕು, ಅದು ಇವರ ಲೆಕ್ಕ. ನಮ್ಮ ಮನೆಗಂತೂ ಇನ್ನೂ ದಪ್ಪದ ಸರಳು. ಅಪ್ಪನನ್ನು ಕಳೆದುಕೊಂಡ ಮಗ. ಜೈಲಿನ ಹಾಗಿದೆ ಅನ್ನಲು ನನಗೆ ಬಾಯಿ ಬರಲಿಲ್ಲ.

ಅಕ್ಟೋಬರ್ 12, ಬೆಳಿಗ್ಗೆ

ನಿನ್ನೆಯಿಂದ ಒಂದೇ ಸಮ ಮಳೆ. ನೆಟ್ಟಗೆ ಸುರಿಯುತ್ತಿದೆ, ಗಾಳಿಯೇ ಇಲ್ಲ. ಸ್ಕೂಲಿಗೆ ರಜೆ, ಮಗಳನ್ನೂ ಅಂಗಡಿಗೆ ಕರೆತಂದೆ. ಮೆಟ್ಟಿಲ ಮೇಲೆ ನಿಂತು ಕೂಗಿದಳು, "ಅಮ್ಮಾ, ಚರಂಡಿ ನೀರು ಉಲ್ಟಾ ಹೋಗ್ತಿದೆ ನೋಡು!"

ನೋಡಿದೆ. ಹೊಳೆಗೆ ಹೋಗಬೇಕಾದ ನೀರು ಹೊಳೆಯ ಕಡೆಯಿಂದ ಬೀದಿಗೆ ಬರುತ್ತಿದೆ. ಓಡಿಹೋಗಿ ಅತ್ತೆಯನ್ನು ಕರೆದೆ.

"ಅಂಗಡಿ ಮಹಡಿಗೆ ಬನ್ನಿ ಅತ್ತೆ. ಒಂದಿನದ ಮಟ್ಟಿಗೆ."

"ನಿಮ್ಮಾವನೂ ಒಂದಿನದ ಮಟ್ಟಿಗೆ ಅಂತಾನೇ ಹೊರಟಿದ್ದು. ನೀನು ಹೋಗಮ್ಮ. ನನ್ಮಗ ಮಾಡಿಕೊಟ್ಟಿರೋ ಬಾಗಿಲಿದೆ ನಂಗೆ."

ವರ್ಕ್‌ಶಾಪಿಗೆ ಫೋನ್ ಮಾಡಿದರೆ ಇವರು — "ಗಾಳಿ ಎದ್ದಿಲ್ವಲ್ಲೇ. ಅಮ್ಮ ಒಳಗೇ ಇರ್ಲಿ ಬಿಡು, ಅದೇ ಸೇಫು."

ತಾಯಿ ಮಗ ಇಬ್ಬರದೂ ಒಂದೇ ರಾಗ. ಸಿಟ್ಟು ಬಂತು. ಭಯ ಅದಕ್ಕಿಂತ ಹೆಚ್ಚು.

ಮಧ್ಯಾಹ್ನ

ಕರೆಂಟ್ ಹೋಯಿತು. ಹೊಳೆಯ ಏರಿ ಒಡೆದಿದೆಯಂತೆ. ನೋಡನೋಡುತ್ತಿದ್ದಂತೆ ಬೀದಿಯಲ್ಲಿ ಎದೆಮಟ್ಟ ನೀರು. ಇವರು ಈಜಿಕೊಂಡೇ ಬಂದರು. ಇಸ್ತ್ರಿಯವನೂ ಇಳಿದ, ಅವನ ಮುಖದಲ್ಲಿ ಈಗ ನಗುವಿಲ್ಲ. ಇಬ್ಬರೂ ಸೇರಿ ಬಾಗಿಲು ಎಳೆದರು. ಹೊರಗಿನಿಂದ ನೀರು ಒತ್ತುತ್ತಿದೆ, ಕೊಚ್ಚಿ ಬಂದ ಕೈಗಾಡಿಯೊಂದು ಬೇರೆ ಬಾಗಿಲಿಗೂ ಕಂಬಕ್ಕೂ ನಡುವೆ ಸಿಕ್ಕಿಬಿದ್ದಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಒಳಗೂ ಏರುತ್ತಿದೆ.

ಗ್ರಿಲ್ ಕತ್ತರಿಸಲು ಕಟರ್ ಇದೆ, ಕರೆಂಟಿಲ್ಲ. ಕೈಗರಗಸ ಹಿಡಿದು ಕಿಟಕಿಗೆ ಆತುಕೊಂಡಿದ್ದಾರೆ. ಅತ್ತೆ ಒಳಗೆ ಮಂಚದ ಮೇಲೆ ನಿಂತು, ಸರಳುಗಳ ಸಂದಿಯಿಂದ ಕೈ ಚಾಚಿ ಮಗನ ತಲೆಯ ನೀರು ಒರೆಸುತ್ತಿದ್ದಾರೆ. "ಆತುರ ಪಡ್ಬೇಡ ಕಣೋ, ಕೈ ಕುಯ್ಕೊಂಡೀಯ." ಇಲ್ಲಿಗೆ ಕೇಳಿಸಿತು. ಅಳು ತಡೆಯಲಾಗಲಿಲ್ಲ.

ಹೋದ ಸಲ ಏನಾಯಿತೆಂದು ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಸಲ ಹಾಗಲ್ಲ. ಕಣ್ಣೆದುರೇ, ನಿಧಾನಕ್ಕೆ.

ಸಂಜೆ

ಒಂದು ಸರಳು ಹೋಯಿತು. ಇನ್ನೊಂದು ಅರ್ಧ. ಅತ್ತೆ ಸಣಕಲು ಜೀವ, ಎರಡು ಹೋದರೆ ಸಾಕು. ಬ್ಲೇಡ್ ಮುರಿಯಿತು, ಬೇರೆ ಹಾಕಿದರು. ಅದೇ ಕೊನೆಯದು. ನೀರು ಕಿಟಕಿಯ ಅರ್ಧ ದಾಟಿದೆ. ಈಗ ಅತ್ತೆಯ ಕೈ ಮಾತ್ರ ಕಾಣುತ್ತದೆ.

ಮಗಳನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದ್ದೇನೆ. ಮಾಸ್ಟರ್ ಬಟ್ಟೆಯ ಥಾನು ಬಿಚ್ಚಿ ಹಗ್ಗದಂತೆ ಹೊಸೆಯುತ್ತಿದ್ದಾರೆ. ನಾನೂ ಹೊಸೆದೆ, ಬೆರಳು ಮಾತು ಕೇಳುತ್ತಿಲ್ಲ, ಅದಕ್ಕೇ ಈ ಡೈರಿ ಹಿಡಿದು ಕೂತಿದ್ದೇನೆ. ಮಳೆಯ ನಡುವೆಯೂ ಗರಗಸದ ಕರಕರ ಕೇಳುತ್ತಿದೆ. ಅದು ಕೇಳುವವರೆಗೆ ಧೈರ್ಯ.

ನಿಂತಿತು. ಇವರು "ಅಮ್ಮಾ" ಅಂತ