ಅಡ್ಮಿನ್‌ಗೆ ಕಾಣುವ ಮಾತು

೧೦ ನವೆಂಬರ್ ೨೦೦೮, ಸೋಮವಾರ

ಇವತ್ತೂ ಕಂಪ್ಯೂಟರ್ ಪರದೆಯ ಮೇಲೆ ಬರೀ ಬಿಳಿ ಪುಟ. ಒಂದಕ್ಷರವಿಲ್ಲ.

ಬೆಳಗ್ಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗದವರೆಗೂ ನಿಂತೇ, ಇನ್‌ಸ್ಟಾಲ್ ಮಾಡುವ ವಿಧಾನದ ಪ್ರಿಂಟ್ ಹಿಡಿದು ಓದಿಕೊಂಡು ಬಂದೆ. ಹೇಳಿದ್ದನ್ನೆಲ್ಲ ಹೇಳಿದಂತೆಯೇ ಮಾಡಿದ್ದೇನೆ. ಆದರೂ ಬಿಳಿ. ಎಲ್ಗ್ ಅಂತ ಈ ಸಾಫ್ಟ್‌ವೇರಿನ ಹೆಸರು — ಬಾಯಲ್ಲಿ ನಿಲ್ಲುವುದಿಲ್ಲ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು, ಒಳಗಿನ ಕೋಡ್ ಬಿಚ್ಚಿ, ತಮಗೆ ಬೇಕಾದಂತೆ ತಿದ್ದಿ ಸ್ವಂತ ಸೋಶಿಯಲ್ ನೆಟ್‌ವರ್ಕ್ ಕಟ್ಟಿಕೊಳ್ಳಬಹುದಂತೆ. ಕಟ್ಟೋಣ. ಮೊದಲು ತೆರೆದುಕೊಳ್ಳಲಿ.

ಬಿಡುವಂತೆಯೂ ಇಲ್ಲ. ಸೆಪ್ಟೆಂಬರ್‌ನಲ್ಲಿ ದೊಡ್ಡ ಸೈಟೊಂದರಿಂದ ನಮ್ಮ ಸೆಕೆಂಡ್ ಇಯರ್ ಹುಡುಗಿಯ ಫೋಟೋ ಯಾರೋ ಕದ್ದು, ಅವಳ ಹೆಸರಿನಲ್ಲೇ ಸುಳ್ಳು ಪ್ರೊಫೈಲ್ ಮಾಡಿದರು. ಮನೆಯವರು ಅವಳನ್ನು ಕಾಲೇಜು ಬಿಡಿಸಿದರು. ಮ್ಯಾನೇಜ್‌ಮೆಂಟಿನವರು ಇಂಟರ್‌ನೆಟ್ ಲ್ಯಾಬಿಗೇ ಬೀಗ ಹಾಕಿದರು. ಹೆಣ್ಣುಮಕ್ಕಳ ಕಾಲೇಜು, ನಾನು ಕಂಪ್ಯೂಟರ್ ಸೈನ್ಸ್ ಲೆಕ್ಚರರ್, ಬೀಗದ ಮುಂದೆ ನಿಂತು ಪಾಠ! ಪ್ರಿನ್ಸಿಪಾಲ್ ಬಸವರಾಜೇಶ್ವರಿ ಮೇಡಂ ಹತ್ತಿರ ಹೋಗಿ ಹೇಳಿದೆ — ನಮ್ಮದೇ ಸೈಟ್ ಮಾಡ್ತೀನಿ, ಕಾಲೇಜಿನವರು ಮಾತ್ರ ಒಳಗೆ, ಹೊರಗಿನವರಿಗೆ ಒಂದು ಫೋಟೋನೂ ಕಾಣಲ್ಲ. ಅವರು ಕನ್ನಡಕ ತೆಗೆದು ಒರೆಸಿ, "ಆಗುತ್ತಾ?" ಎಂದರು. ಆಗುತ್ತೆ ಎಂದೆ. ಕೀ ಕೊಟ್ಟರು.

ಹೇಳಿಯಾಗಿದೆ. ಮಾಡಲೇಬೇಕು.

೧೩ ನವೆಂಬರ್

ತೆರೆಯಿತು! ಸರ್ವರ್ ಸೆಟ್ಟಿಂಗಿನಲ್ಲಿ ಒಂದೇ ಒಂದು ಪದ ತಪ್ಪಿತ್ತು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಟೆಂಡರ್ ನಂಜಮ್ಮ ಇಣುಕಿ ನೋಡಿ ಹೋದಳು.

೧೯ ನವೆಂಬರ್, ಬಸ್ಸಿನಲ್ಲಿ

ಕನ್ನಡ ಹಾಕಬೇಕೆಂದು ಹೊರಟೆ. ಸೈಟಿನ ಇಂಗ್ಲಿಷ್ ಪದಗಳೆಲ್ಲ ಒಂದೇ ಫೈಲಿನಲ್ಲಿವೆ, ಅದರ ಪಕ್ಕದಲ್ಲಿ ಕನ್ನಡದ ಫೈಲ್ ಇಟ್ಟರಾಯಿತು. ಆಗಲಿಲ್ಲ. ಟೈಪ್ ಮಾಡಿದ್ದೆಲ್ಲ ಸಾಲು ಸಾಲು ಪ್ರಶ್ನೆಚಿಹ್ನೆ. ನನ್ನ ಹೆಸರು ಶಾಂಭವಿ ಹೋಗಿ '??????'. ಡೇಟಾಬೇಸ್ ಕನ್ನಡ ಹಿಡಿಸಿಕೊಳ್ಳುವ ಹಾಗೆ ಮೊದಲಿನಿಂದ ಮಾಡಬೇಕು.

ಫೈನಲ್ ಬಿಸಿಎ ಅಕ್ಷಯಾ ಜತೆಗಿದ್ದಾಳೆ. ನಮ್ಮೂರಿನವಳೇ, ಇದೇ ಬಸ್ಸು. ಅಪ್ಪ ಶಿವಕುಮಾರ್‌ಗೆ ಕಾರ್ಖಾನೆಯಲ್ಲಿ ಕೆಲಸ. ಸೈಟಿಗೆ ಹೆಸರಿಟ್ಟವಳು ಅವಳೇ — ಕಟ್ಟೆ.

"ಹುಡುಗ್ರಿಗೆ ಊರ ತುಂಬ ಕಟ್ಟೆ ಇದಾವೆ ಮಿಸ್. ನಮಗೆ ಕೂತ್ಕೊಳಕ್ಕೆ ಎಲ್ಲಿದೆ ಹೇಳಿ?"

೨೪ ನವೆಂಬರ್

ಕನ್ನಡ ಬಂತು. ಒತ್ತಕ್ಷರ ಎಲ್ಲ ಸರಿ. ಲ್ಯಾಬಿನ ಹಳೆಯ ಎರಡು ಮಷೀನಿನಲ್ಲಿ ಮಾತ್ರ ಅಕ್ಷರದ ಬದಲು ಚೌಕ ಚೌಕ.

ಇವತ್ತು ಅನುವಾದದ ಜಗಳ. ಫ್ರೆಂಡ್ಸ್ ಅಂದರೆ ಗೆಳತಿಯರು — ಸರಿ. ಯಾರು ಏನು ಬರೆದರು ಅನ್ನುವುದು ಒಂದರ ಹಿಂದೊಂದು ಹರಿದುಬರುವ ಪುಟಕ್ಕೆ ಅದನ್ನು ಮಾಡಿದವರು ರಿವರ್ ಎಂದು ಹೆಸರಿಟ್ಟಿದ್ದಾರೆ. ನಾನು 'ನದಿ' ಎಂದು ಬರೆದೆ. ಅಕ್ಷಯಾ ನಕ್ಕಳು. "ನದಿ ಅಂತ ಯಾರಂತಾರೆ ಮಿಸ್, ಹೊಳೆ." ಹೊಳೆ.

೮ ಡಿಸೆಂಬರ್, ಸೋಮವಾರ

ಬರೆಯಲು ಪುರಸೊತ್ತೇ ಸಿಗಲಿಲ್ಲ. ಕಟ್ಟೆ ಹೋದ ಸೋಮವಾರದಿಂದ ಶುರುವಾಗಿದೆ. ಕಾಲೇಜಿನ ವೆಬ್ ಸರ್ವರಿನಲ್ಲೇ ಜಾಗ ಕೊಟ್ಟರು, ಹಾಗಾಗಿ ಬ್ರೌಸಿಂಗ್ ಸೆಂಟರಿನಿಂದಲೂ ಬರಬಹುದು. ಹೊಳೆ ಹರಿಯುತ್ತಿದೆ. ಹಾಸ್ಟೆಲ್ ಸಾಂಬಾರಿನ ಬಗ್ಗೆ ಹದಿನೈದು ಮಂದಿ. ಹೊಳಲೂರಿನ ಹುಡುಗಿಯೊಬ್ಬಳು ಡೇಟಾ ಸ್ಟ್ರಕ್ಚರ್ಸ್ ನೋಟ್ಸನ್ನು ಪೂರ್ತಿ ಕನ್ನಡದಲ್ಲಿ ಟೈಪ್ ಮಾಡಿ ಹಾಕಿದ್ದಾಳೆ. ಕ್ಲಾಸಿನಲ್ಲಿ ಅವಳು ಬಾಯಿ ತೆರೆದದ್ದೇ ನಾನು ಕಂಡಿಲ್ಲ.

ಫೋಟೋ ಹಾಕಿದರೆ ತಾನಾಗಿಯೇ 'ಗೆಳತಿಯರಿಗೆ ಮಾತ್ರ' ಆಗುವಂತೆ ತಿದ್ದಿದೆ. ಮೂಲದಲ್ಲಿ ಹಾಗಿರಲಿಲ್ಲ. ಈ ಒಂದು ಬದಲಾವಣೆಗೆ ಎರಡು ಭಾನುವಾರ ಹೋಯಿತು, ಹೋಗಲಿ.

೧೭ ಡಿಸೆಂಬರ್

ಮನಸ್ಸು ಸರಿಯಿಲ್ಲ.

ಕೆಲವರ ಖಾಸಗಿ ಸಂದೇಶದಲ್ಲಿ ಮತ್ತೆ ಪ್ರಶ್ನೆಚಿಹ್ನೆ ಬರುತ್ತಿದೆ ಎಂದು ಕಂಪ್ಲೇಂಟ್ ಇತ್ತು. ಡೇಟಾಬೇಸ್ ತೆರೆದೆ. ಯಾವ ಸಾಲು ಕೆಟ್ಟಿದೆ ಎಂದು ಹುಡುಕುವಾಗ ಚೆನ್ನಾಗಿದ್ದ ಎರಡು ಸಾಲು ಕಣ್ಣಿಗೆ ಬಿತ್ತು.

'ಮಿಸ್ ಇದನ್ನೆಲ್ಲ ಓದ್ತಾರೇನೇ?'

'ಇಲ್ಲ ಕಣೆ. ಮಿಸ್ ಅಂಥವರಲ್ಲ.'

ಯಾರು ಯಾರಿಗೆ ಬರೆದದ್ದೆಂದು ನೋಡಲಿಲ್ಲ. ಮುಚ್ಚಿದೆ. ಆದರೆ ಅವರಿಗೆ ಗೊತ್ತಿಲ್ಲ — ಅಲ್ಲಿ ಎಲ್ಲವೂ ತೆರೆದೇ ಇದೆ. ಚಿಲಕವಿಲ್ಲದ ಕೋಣೆ. ನಾನು ನೋಡದೇ ಇದ್ದರೆ ಮಾತ್ರ ಅದು ಖಾಸಗಿ.

೯ ಜನವರಿ ೨೦೦೯, ಶುಕ್ರವಾರ

ಸೆಕ್ರೆಟರಿ ವಿಶ್ವಾರಾಧ್ಯ ಅವರು ಪ್ರಿನ್ಸಿಪಾಲ್ ಕೋಣೆಗೆ ಕರೆಸಿದರು. ಕಾಲೇಜು ನಡೆಸುವ ಸಮಿತಿಯಲ್ಲಿ ಅವರ ಮಾತೇ ಕೊನೆ. ಮೇಡಂ ಕಿಟಕಿಯಾಚೆ ಸವಳಂಗ ರಸ್ತೆಯ ಲಾರಿಗಳನ್ನು ನೋಡುತ್ತಿದ್ದರು.

ಅಕ್ಷಯಾಳ ಅಪ್ಪ ಬಂದಿದ್ದರಂತೆ. ಗೊತ್ತುಮಾಡಿದ ಸಂಬಂಧ ಮಗಳು ಬೇಡ ಅನ್ನುತ್ತಿದ್ದಾಳೆ, ಸದಾ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಯಾರಿಗೋ ಬರೆಯುತ್ತಾಳೆ, ನಿಮ್ಮ ಕಾಲೇಜಿನ ಸೈಟೇ ಕಾರಣ ಎಂದು ಕೂಗಾಡಿದರಂತೆ.

"ನೋಡಮ್ಮ, ಅಡ್ಮಿನ್‌ಗೆ ಎಲ್ಲ ಕಾಣುತ್ತಂತೆ. ಹೌದೋ ಅಲ್ವೋ?"

"ನೋಡಬೇಕಂದ್ರೆ ನೋಡಬಹುದು ಸರ್. ನಾನು ನೋಡಲ್ಲ."

"ನೋಡಲ್ಲ ಅಂದ್ರೆ ಏನರ್ಥ? ಕಾಲೇಜು ನಮ್ದು, ಸರ್ವರ್ ನಮ್ದು. ಹೆತ್ತ ತಂದೆ ಬಾಗ್ಲಲ್ಲಿ ಬಂದು ನಿಂತಿದಾನೆ. ಸೋಮವಾರ ಆ ಹುಡುಗಿ ಮೆಸೇಜೆಲ್ಲ ಪ್ರಿಂಟ್ ತೆಗ್ದು ನನ್ನ ಟೇಬಲ್ ಮೇಲಿಡು. ಆಗದಿದ್ರೆ ಪಾಸ್‌ವರ್ಡ್ ಕೊಡು, ನಮ್ಮ ಹುಡುಗ್ರು ತೆಗೀತಾರೆ. ನಿಂದಿನ್ನೂ ಪರ್ಮನೆಂಟ್ ಆಗಿಲ್ಲ ಅಲ್ವಾ?"

ಹೊರಗೆ ಬಂದಮೇಲೆ ಮೇಡಂ ಮೆಲ್ಲಗೆ, "ನನ್ನ ಕಷ್ಟ ನಿನಗೆ ಗೊತ್ತಾಗಲ್ಲ ಶಾಂಭವಿ" ಎಂದರು. ಅವರ ಮೇಲೆ ನನಗಿದ್ದ ನಂಬಿಕೆ… ಬೇಡ, ಈಗ ಅದು ಬೇಡ.

೧೦ ಜನವರಿ, ಬೆಳಗ್ಗೆ

ಗಂಡ ಹಾಲಸ್ವಾಮಿ ಫಸ್ಟ್ ಶಿಫ್ಟಿಗೆ ಹೊರಡುವ ಮುಂಚೆ ಎಲ್ಲ ಹೇಳಿದೆ. ಟಿಫಿನ್ ಡಬ್ಬಿ ಕೈಯಲ್ಲಿ ಹಿಡಿದೇ ಕೇಳಿದರು.

"ನೀನೇ ಓದಿ, ಏನೂ ಇಲ್ಲ ಅಂತ ಹೇಳಿಬಿಡು ಮಾರಾಯ್ತಿ. ಆ ಹುಡುಗಿಗೂ ಒಳ್ಳೇದು, ನಿಂಗೂ ಒಳ್ಳೇದು."

"ಏನಾದ್ರೂ ಇದ್ರೆ?"

ಚಪ್ಪಲಿ ಮೆಟ್ಟಿಕೊಂಡರು. ಗೇಟಿನವರೆಗೆ ಹೋಗಿ ತಿರುಗಿ ಬಂದು, "ಇದ್ರೂ ಅದು ಅವಳದು, ಅಲ್ವಾ" ಎಂದರು. "ನೋಡು, ಕೆಲಸ ಹೋದ್ರೆ ಹೋಯ್ತು ಅಂತ ಹೇಳುವಷ್ಟು ಧೈರ್ಯ ನಂಗಿಲ್ಲ. ನಿಂಗಿದ್ರೆ ನಾನು ಅಡ್ಡ ಬರಲ್ಲ."

ನನಗಿದೆಯೇ? ಗೊತ್ತಿಲ್ಲ. ಇದೆ ಎಂದುಕೊಂಡು ಬಸ್ಸು ಹತ್ತುತ್ತೇನೆ.

ಅದೇ ದಿನ, ಮಧ್ಯಾಹ್ನ

ಎಲ್ಲರಿಗೂ ಕಾಣುವಂತೆ ಹೊಳೆಯ ಮೇಲ್ತುದಿಯಲ್ಲಿ ಹಾಕಿದೆ. ನಾಲ್ಕು ಸಲ ತಿದ್ದಿ ಬರೆದದ್ದು —

'ಕಟ್ಟೆಯ ಖಾಸಗಿ ಸಂದೇಶಗಳನ್ನು ಅಡ್ಮಿನ್ ಓದಲು ಸಾಧ್ಯವಿದೆ. ಇದನ್ನು ಮೊದಲೇ ಹೇಳಬೇಕಿತ್ತು. ರಿಪೇರಿ ಮಾಡುವಾಗ ಒಮ್ಮೆ ಎರಡು ಸಾಲು ನನ್ನ ಕಣ್ಣಿಗೆ ಬಿದ್ದಿವೆ. ಅದು ಬಿಟ್ಟು ಏನನ್ನೂ ಓದಿಲ್ಲ. ಒಬ್ಬರ ಸಂದೇಶಗಳನ್ನು ತೆಗೆದುಕೊಡುವಂತೆ ನನಗೆ ಹೇಳಿದ್ದಾರೆ. ಕೊಡುವುದಿಲ್ಲ. ಆದರೆ ಸೋಮವಾರ ಪಾಸ್‌ವರ್ಡ್ ನನ್ನ ಕೈತಪ್ಪಬಹುದು. ಬೇಡದ್ದನ್ನು ಇವತ್ತೇ ಅಳಿಸಿಕೊಳ್ಳಿ. — ಶಾಂಭವಿ.'

ಹೆಸರು ಹಾಕದೆ ಬಿಡೋಣ ಅನಿಸಿತ್ತು. ಹಾಕಿದೆ. ಲ್ಯಾಬಿನ ಕೀಬೋರ್ಡುಗಳ ಸದ್ದು ಒಮ್ಮೆಲೇ ನಿಂತಿತು. ಆಮೇಲೆ ಎಲ್ಲ ಕಡೆಯಿಂದ ಟಪಟಪ.

ಅಕ್ಷಯಾ ಎದ್ದು ನನ್ನ ಹತ್ತಿರ ಬಂದಳು. ಮುಖ ಕೆಂಪಗೆ. "ನಂದೇ ಅಲ್ವಾ ಮಿಸ್ ಕೇಳಿದ್ದು?"

ಹೌದೆಂದೆ.

"ನಾನು ಸುಮ್ನೆ ಅಳಿಸಲ್ಲ. ಮೊದ್ಲು ಪ್ರಿಂಟ್ ತಗೋತೀನಿ. ಅಪ್ಪನಿಗೆ ನಾನೇ ಓದಿ ಹೇಳ್ತೀನಿ."

"ಯೋಚನೆ ಮಾಡು ಅಕ್ಷಯಾ. ಹೊಡೆದ್ರೆ?"

"ಬೇರೆಯವ್ರು ಓದಿ ಹೇಳಿದ್ರೆ ಖಂಡಿತ ಹೊಡೀತಾರೆ. ನಾನೇ ಓದಿದ್ರೆ… ನೋಡೋಣ ಮಿಸ್."

ಪ್ರಿಂಟರಿಗೆ ಕಾಗದ ತುಂಬಿಕೊಟ್ಟು ಹೊರಗೆ ಹೋಗಿ ನಿಂತೆ. ಎಷ್ಟು ಹಾಳೆ ಬಂದವೋ ಏನೋ. ಅವಳು ಚೂಡಿದಾರದ ವೇಲಿನಲ್ಲಿ ಸುತ್ತಿಕೊಂಡು ಹೋದಳು.

೧೨ ಜನವರಿ, ಸೋಮವಾರ

ನಿನ್ನೆಯಿಡೀ ಊಟ ಸೇರಿರಲಿಲ್ಲ. ಬೆಳಗ್ಗೆ ಬಸ್‌ ಸ್ಟ್ಯಾಂಡಿನಲ್ಲಿ ಅಕ್ಷಯಾ, ಪಕ್ಕದಲ್ಲಿ ಶಿವಕುಮಾರ್. ಇಬ್ಬರ ಕಣ್ಣೂ ಊದಿಕೊಂಡಿತ್ತು. ಮೂವರೂ ಒಂದೇ ಬಸ್ಸಿನಲ್ಲಿ ಬಂದೆವು.

ಸೆಕ್ರೆಟರಿ ಕೋಣೆಯಲ್ಲಿ ಶಿವಕುಮಾರ್ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮಗಳೇ ಓದಿ ಹೇಳಿದ್ಲು ಸಾರ್. ಕೇಳ್ದೆ. ಇನ್ನದು ನಮ್ಮನೆ ವಿಷಯ. ನೀವು ಯಾರೂ ಓದೋದು ಬೇಡ."

"ಅಲ್ಲಪ್ಪ, ಬಂದು ಕೂಗಾಡಿದ್ದು ನೀನೇ ಅಲ್ವೇನಯ್ಯ?"

"ನಾನೇ. ಮಗಳನ್ನ ಕೇಳ್ಬೇಕಿತ್ತು, ನಿಮ್ಮನ್ನ ಕೇಳ್ದೆ. ತಪ್ಪಾಯ್ತು."

ಕೈಮುಗಿದು ಹೊರಟೇಬಿಟ್ಟರು. ಆಮೇಲೆ ಮೆಟ್ಟಿಲಲ್ಲಿ ನನಗೆ ಸಿಕ್ಕಾಗ, "ಜಗಳ ಏನೂ ಮುಗ್ದಿಲ್ಲ ಮೇಡಂ. ಆದ್ರೆ ಈಗ ಎದುರಿಗೆ ಕೂತು ಆಡ್ತಾಳೆ" ಎಂದರು. ಆ ಹಾಳೆಗಳಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ವಿಶ್ವಾರಾಧ್ಯ ಅವರ ಸಿಟ್ಟೆಲ್ಲ ನನ್ನ ಮೇಲೆ. ಆ ನೋಟೀಸು ಯಾರನ್ನು ಕೇಳಿ ಹಾಕಿದೆ? ಕಾಲೇಜಿನ ಮಾನ ಕಳೆದೆ. ಪಾಸ್‌ವರ್ಡ್ ಇಡು. ಇಟ್ಟೆ. ಸರ್ವರ್ ಅವರದು, ಅದು ನಿಜ. ಸಂದೇಶಗಳು ಮಾತ್ರ ಶನಿವಾರವೇ ಖಾಲಿಯಾಗಿದ್ದವು — ಹುಡುಗಿಯರೇ, ಪ್ರಿಂಟ್ ತೆಗೆದುಕೊಂಡ ಮೇಲೆ ಅಕ್ಷಯಾಳೂ, ಒಂದೂ ಬಿಡದೆ ಅಳಿಸಿಹಾಕಿದ್ದರು. ಸಂಜೆಯ ಹೊತ್ತಿಗೆ ಕಟ್ಟೆಯನ್ನೇ ತೆಗೆದುಹಾಕಿದರು. ಲ್ಯಾಬ್ ಉಸ್ತುವಾರಿಯೂ ನನ್ನದಲ್ಲ ಇನ್ನು. ಜೂನ್‌ನಲ್ಲಿ ಕೆಲಸ ಮುಂದುವರಿಸುತ್ತಾರೋ ಇಲ್ಲವೋ, ಯಾರೂ ಹೇಳಲಿಲ್ಲ.

ಮೇಡಂ ಅಲ್ಲೇ ಕೂತಿದ್ದರು, ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಒಂದೇ ಒಂದು ಮಾತೂ ಇಲ್ಲ.

೧೪ ಜನವರಿ

ಸಂಕ್ರಾಂತಿ. ಎಳ್ಳು ಬೀರಲು ಅಕ್ಷಯಾ ಮನೆಗೆ ಬಂದಳು. ಜತೆಗೆ ಇನ್ನೂ ಮೂವರು, ಶಿವಮೊಗ್ಗದಿಂದ ಬಸ್ಸು ಹತ್ತಿಕೊಂಡು.

"ಆ ಸಾಫ್ಟ್‌ವೇರ್ ಕಾಲೇಜಿಂದಲ್ವಲ್ಲ ಮಿಸ್? ಯಾರು ಬೇಕಾದ್ರೂ ಹಾಕ್ಕೋಬಹುದು ಅಂತ ನೀವೇ ಹೇಳಿದ್ರಿ" ಎಂದಳು ಅಕ್ಷಯಾ.

ಹೇಳಿದ್ದೆ. ಅಲ್ಲಿಂದ ಅವರು ತೆಗೆದದ್ದು ಒಂದು ಪ್ರತಿ ಮಾತ್ರ. ನಾನು ತಿದ್ದಿದ ಕೋಡು, ಕನ್ನಡದ ಫೈಲು ನನ್ನ ಸಿಡಿಯಲ್ಲಿವೆ. ಹಾಲಸ್ವಾಮಿ ಒಳಗಿನಿಂದ ಬೆಂಚು ತಂದು ನಡುಮನೆಯ ಕಂಪ್ಯೂಟರಿನ ಪಕ್ಕ ಇಟ್ಟರು. "ಕೂತ್ಕಳ್ರಮ್ಮ, ನಿಂತ್ಕಂಡು ಎಂಥ ಕೆಲಸ."

೮ ಫೆಬ್ರವರಿ, ಭಾನುವಾರ

ಸೈಟಿಗೆ ಹೊರಗಿನ ಸರ್ವರಿನಲ್ಲಿ ಬಾಡಿಗೆ ಜಾಗ ಹಿಡಿದೆ, ಸ್ವಂತ ಹೆಸರಿನಲ್ಲಿ. ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸಿ ಇಡುವ ಕೋಡ್ ಬರೆಯಲು ಮೂರು ವಾರ ಹಿಡಿಯಿತು. ಎರಡು ಸಲ ಎಲ್ಲ ಕೆಟ್ಟು ಬಿಳಿ ಪುಟವಾಯಿತು, ಎರಡು ಸಲವೂ ಮೊದಲಿನಿಂದ ಕೂತೆ. ಈಗ ಡೇಟಾಬೇಸ್ ತೆರೆದರೆ ನನಗೆ ಕಾಣುವುದು ಬರೀ ಗಜಿಬಿಜಿ. ಎಷ್ಟು ಚೆಂದದ ಗಜಿಬಿಜಿ!

ಇವತ್ತು ಬೆಳಗ್ಗೆ ಆ ನಾಲ್ವರು ಹುಡುಗಿಯರ ಜತೆ ನಮ್ಮ ಮನೆಯಲ್ಲೇ ಹೊಸ ಕಟ್ಟೆ ಶುರುಮಾಡಿದೆವು. ಸೇರಲು ಬಯಸುವವರು ಕಾರಣ ಬರೆಯಬೇಕು. ಒಪ್ಪಿಗೆ ನಾನೊಬ್ಬಳೇ ಕೊಡುವಂತಿಲ್ಲ, ಇನ್ನಿಬ್ಬರು ಸದಸ್ಯೆಯರು ಹೂಂ ಅನ್ನಬೇಕು. ಹಾಗೆ ತಿದ್ದಿದ್ದೇನೆ. ಮಧ್ಯಾಹ್ನದವರೆಗೆ ಹುಡುಗಿಯರದೇ ಅರ್ಜಿ. ಆಮೇಲೆ ಒಂದು — ಬಸವರಾಜೇಶ್ವರಿ. ಪ್ರಿನ್ಸಿಪಾಲ್ ಅಂತ ಹಾಕಿಲ್ಲ. ಕಾರಣದ ಜಾಗದಲ್ಲಿ ಒಂದೇ ಸಾಲು: 'ಮಾತಾಡಬೇಕಾದಾಗ ಆಡಲಿಲ್ಲ. ನನಗೂ ಒಂದಿಷ್ಟು ಜಾಗ ಇದೆಯಾ?'

ಅದನ್ನೇ ನೋಡುತ್ತ ಕೂತೆ. ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟು ಅಷ್ಟೇ ಅಲ್ಲ ಅನಿಸಿತು. ಅಕ್ಷಯಾಳಿಗೆ ತೋರಿಸಿದೆ.

ಅವಳು ಎರಡು ಸಲ ಓದಿದಳು. "ಬರ್ಲಿ ಮಿಸ್. ಆದ್ರೆ ಅಡ್ಮಿನ್ ಮಾತ್ರ ಮಾಡಬೇಡಿ."

ಎಲ್ಲರೂ ನಕ್ಕರು. ಇಬ್ಬರು ಹೂಂ ಒತ್ತಿದರು. ನಾನೂ ಒತ್ತಿದೆ.

ನಾಳೆ ಕಾಲೇಜಿನಲ್ಲಿ ಮೇಡಂ ಎದುರು ನಿಲ್ಲಬೇಕು. ಏನೂ ಆಗಿಲ್ಲವೆಂಬಂತೆ ನಮಸ್ಕಾರ ಹೇಳಿ ಮುಂದೆ ಹೋಗಲೇ, ಇಲ್ಲ ನಾನೇ ಮೊದಲು ಮಾತು ತೆಗೆದು —