ತುಕಾರಾಮನಿಗೆ ಒಂದು ರಾಡು

ಬನಹಟ್ಟಿ
೧೭ ನವೆಂಬರ್ ೨೦೨೪

ಪ್ರೀತಿಯ ಪವಮಾನ,

ನಾವಿಲ್ಲಿ ಎಲ್ಲರೂ ಆರಾಮ. ನೀವೂ ಆರಾಮ ಇದ್ದೀರಿ ಅಂತ ತಿಳಿದಿದ್ದೇನೆ. ಇಲ್ಲದಿದ್ದರೆ ದೀಪಾವಳಿ ಪಾಡ್ಯದ ದಿನವೇ ಹಿನ್ನೀರಿನ ದಂಡೆಯಲ್ಲಿ ನಿಂತು ಹಲ್ಲು ಕಿರಿದು ಫೋಟೋ ಹೊಡೆಸಿಕೊಳ್ಳುತ್ತಿರಲಿಲ್ಲ. ಆ ಫೋಟೋದ ಜೊತೆ ನಿನ್ನ ಮೆಸೇಜು ಬಂದು ಎರಡು ವಾರವಾಯಿತು, ಉತ್ತರ ಕೊಡಲಿಲ್ಲ, ತಪ್ಪು ತಿಳಿಯಬೇಡ. ಶಾಲೆಯಲ್ಲಿ ಚಿತ್ರಕಲಾ ಪರೀಕ್ಷೆಯ ಗಡಿಬಿಡಿ ಇತ್ತು ಅಂತ ಬರೆದರೆ ನೀನು ನಂಬುತ್ತೀ. ಆದರೆ ಗಡಿಬಿಡಿ ಏನೂ ಇರಲಿಲ್ಲ, ಸಿಟ್ಟು ಬಂದಿತ್ತು. ಫೋನಿನಲ್ಲಿ ಬರೆದರೆ ಎರಡು ನೀಲಿ ಗೆರೆ ಬಿದ್ದವೋ ಇಲ್ಲವೋ ಅಂತ ನೋಡುತ್ತ ಕೂರಬೇಕು. ಆ ತಾಳ್ಮೆ ನನಗಿಲ್ಲ. ಅದಕ್ಕೇ ನೀನು ಕೇಳಿದ ಸಾಮಾನಿನ ಜೊತೆ ಈ ಕಾಗದ ಇಟ್ಟಿದ್ದೇನೆ.

'ನಮ್ಮ ತುಕಾರಾಮಗ ಗಾಳದ ಹುಚ್ಚು ಹಿಡದದ. ರಾಡು, ರೀಲು, ದಾರ, ರಬ್ಬರ್ ಕಪ್ಪಿ ಎಲ್ಲಾ ನೀನೇ ಆರಿಸಿ ಕೊಡು. ನಿನ್ನಷ್ಟು ತಿಳದವರು ಯಾರಿದ್ದಾರ?' ಅಂತ ಬರೆದಿದ್ದೀ. ನಮ್ಮ ತುಕಾರಾಮ! ನೀನು ಬೀಳಗಿಯ ಬ್ಯಾಂಕಿಗೆ ವರ್ಗವಾಗಿ ಹೋಗಿ ಒಂದು ಮಳೆಗಾಲ ಕಳೆಯಿತು ಅಷ್ಟೇ. ಅಷ್ಟರಲ್ಲಿ ಟ್ರ್ಯಾಕ್ಟರ್ ಮಾರುವವನೊಬ್ಬ 'ನಮ್ಮ' ಆಗಿಬಿಟ್ಟನೇ? ಜಮಖಂಡಿಯಲ್ಲಿದ್ದಾಗ ನೀನು ನನ್ನನ್ನು ಎಷ್ಟು ಕಾಲ 'ಡ್ರಾಯಿಂಗ್ ಮಾಸ್ತರ್ರೇ' ಅಂತ ಕರೆಯುತ್ತಿದ್ದೆ ನೆನಪು ಮಾಡಿಕೋ.

ಮನೆಯಲ್ಲಿ ನನ್ನ ಮುಖ ನೋಡಿ ನೋಡಿ ಮಾಯಾಗೆ ಸಾಕಾಯಿತು. 'ಸವತಿ ಬಂದಂಗ ಯಾಕ ಮಾರಿ ಮಾಡೀರಿ? ಬೀಳಗಿ ಏನ ಕಾಶಿ ಆಗೇತೇನ್ರಿ? ಬಸ್ ಹತ್ತಿ ಹೋಗಿ ಜಗಳಾ ಮಾಡಿ ಬರ್ರಿ, ಇಲ್ಲಿ ಕುಂತ ನನ್ನ ಜೀವಾ ತಿನಬ್ಯಾಡ್ರಿ,' ಅಂದಳು. 'ಕರೀಲಾರದ ಊಟಕ್ಕ ಹೋಗಾವ ಅಲ್ಲ ನಾ,' ಅಂದೆ. ಇಡೀ ಮಳೆಗಾಲದಲ್ಲಿ ನೀನು ಒಂದು ಸಲವಾದರೂ 'ಬಾರೋ, ಇಲ್ಲಿಯ ನೀರು ನೋಡು' ಅಂದಿದ್ದರೆ, ನಡೆದುಕೊಂಡಾದರೂ ಬರುತ್ತಿದ್ದೆ.

ಇರಲಿ. ಬಣ್ಣ ತರುವ ನೆಪದಲ್ಲಿ ಮಿರಜಿಗೆ ಹೋದೆ. ಅದೇ ನಮ್ಮ ಹಳೆಯ ಗಾಳದಂಗಡಿ. ಅಂಗಡಿಯ ಮುದುಕ ನನ್ನ ಹಿಂದೆ ಮುಂದೆ ನೋಡಿ 'ಜೋಡೀದಾರ ಎಲ್ಲಿ ಮಾಸ್ತರ?' ಅಂತ ಕೇಳಿದ. 'ಬೀಳಗ್ಯಾಗ ಬ್ಯಾರೆ ಜೋಡಿ ಕಟ್ಯಾರ್ರಿ,' ಅಂದೆ. ಅವನು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ರಾಡು ಏಳು ಅಡಿಯದು. ತುಕಾರಾಮನ ಎತ್ತರ ನೀನು ಬರೆದಿಲ್ಲ. ಫೋಟೋದಲ್ಲಿ ಅವನ ಟೊಪ್ಪಿಗೆ ನಿನ್ನ ಕಿವಿಯ ಮಟ್ಟಕ್ಕೆ ಬಂದದ್ದನ್ನು ನೋಡಿ ಅಂದಾಜು ಹಿಡಿದೆ. ಬಿಳಿ ಟೊಪ್ಪಿಗೆ, ಕರಿ ಕನ್ನಡಕ, ನೀರಿಗಿಳಿದರೂ ಇಸ್ತ್ರಿ ಮುರಿಯದ ಅಂಗಿ. ಮೀನು ಹಿಡಿಯಲು ಬಂದವನೋ, ಹೆಣ್ಣು ನೋಡಲು ಬಂದವನೋ? ಅವನಿಗೆ ಹೇಳು: ಮರಲ ಮೀನಿಗೆ ಬಿರುಸು ರಾಡೇ ಬೇಕು. ಹಾವಿನ ತಲೆಯ ಆ ಮೀನು ಕಪ್ಪೆ ಹಿಡಿದ ಕೂಡಲೇ ಜೊಂಡಿನೊಳಗೆ ನುಗ್ಗುತ್ತದೆ. ಮೆತ್ತಗಿನ ರಾಡು ಬಾಗುತ್ತ ಕುಳಿತರೆ ಅದು ದಾರವನ್ನು ಜೊಂಡಿಗೆ ಸುತ್ತಿ ತನ್ನ ದಾರಿ ಹಿಡಿಯುತ್ತದೆ. ಹಾಗಂತ ಬುಡದಿಂದ ತುದಿಯವರೆಗೂ ಲಾಠಿಯಂತಿದ್ದರೆ ಹಗುರ ಕಪ್ಪೆ ದೂರ ಹೋಗುವುದಿಲ್ಲ. ಬುಡ ಗಟ್ಟಿ ಇರಬೇಕು, ತುದಿ ತುಸು ಬಳುಕಬೇಕು. ಅಂಗಡಿಯಲ್ಲಿ ಎಲ್ಲರೂ ರಾಡನ್ನು ಗಾಳಿಯಲ್ಲಿ ಬೀಸಿ ನೋಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ಒಂದೊಂದರ ತುದಿಯನ್ನೂ ತಲೆಯ ಮೇಲಿನ ಛತ್ತಿಗೆ ಒತ್ತಿ ಎಲ್ಲಿಂದ ಬಾಗುತ್ತದೆ ಅಂತ ನೋಡಿ ಆರಿಸಿದೆ.

ನಡುವೆ ತೀರಾ ಬಿರುಸಾದದ್ದೊಂದು ಕೈಗೆ ಬಂತು. ಇದನ್ನು ಕಳಿಸಿದರೆ ಒಂದೇ ಭಾನುವಾರದಲ್ಲಿ ಆ ಮಗನ ಹೆಗಲು ಬಿದ್ದುಹೋಗುತ್ತದೆ ಅಂತ ಒಂದು ವಿಚಾರ ಬಂತು. ವಿಚಾರ ಬಹಳ ಸಿಹಿಯಾಗಿತ್ತು. ಆದರೆ 'ಭೀಮಶಿ ಆರಿಸಿದ್ದು' ಅಂತ ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತೀ. ಅವನಿಗೋಸ್ಕರ ನನ್ನ ಹೆಸರು ಯಾಕೆ ಕೆಡಿಸಿಕೊಳ್ಳಲಿ? ವಾಪಸ್ಸು ಇಟ್ಟೆ.

ರೀಲು ರಾಡಿನ ಕೆಳಗೆ ತೂಗುವಂಥದ್ದು. ಮೇಲೆ ಕೂರುವ ದುಂಡು ರೀಲು ಅವನಿಗೆ ಬೇಡವೇ ಬೇಡ. ಅದರಲ್ಲಿ ಹೆಬ್ಬೆರಳೇ ಬ್ರೇಕು. ಕಪ್ಪೆ ನೀರಿಗೆ ಬೀಳುವ ಹೊತ್ತಿಗೆ ಬೆರಳು ಒತ್ತದಿದ್ದರೆ ರೀಲು ತಿರುಗುತ್ತಲೇ ಇರುತ್ತದೆ, ದಾರವೆಲ್ಲ ಗೀಜಗನ ಗೂಡು. ನಿನ್ನ ಮೊದಲನೆಯ ವರ್ಷ ಮರೆತಿಲ್ಲ ತಾನೆ? ಚಿಕ್ಕಪಡಸಲಗಿ ಬ್ಯಾರೇಜಿನ ಮೇಲಿನ ದಂಡೆಯಲ್ಲಿ ನೀನು ಎಸೆಯುವುದು, ನಾನು ಬಂಡೆಯ ಮೇಲೆ ಕುಳಿತು ಗಂಟು ಬಿಡಿಸುವುದು. 'ಬ್ಯಾಸರಾ ಬರೂದಿಲ್ಲೇನೋ ನಿನಗ?' ಅಂತ ನೀನು ಕೇಳಿದ್ದೆ. 'ಮಗ್ಗದೂರು ಬನಹಟ್ಟ್ಯಾಗ ಹುಟ್ಟಿದಾವ ನೂಲಿನ ಗಂಟಿಗೆ ಬ್ಯಾಸರಾ ಮಾಡ್ಕೊಂಡ್ರ ಹೆಂಗಲೇ?' ಅಂತ ನಾನಂದಿದ್ದೆ. ಈಗ ತುಕಾರಾಮನ ಗಂಟು ಯಾರು ಬಿಡಿಸಬೇಕು? ನೀನೇ? ಅವನ ಪಕ್ಕದಲ್ಲಿ ತಲೆಗೆ ತಲೆ ಹಚ್ಚಿ ಕುಳಿತು? ಬೇಡ. ಅದಕ್ಕೇ ಗಂಟಾಗದ ರೀಲು ಕಳಿಸಿದ್ದೇನೆ.

ದಾರ ಹೆಣೆದದ್ದು, ಹಸಿರು ಬಣ್ಣದ್ದು. ನೋಡಲು ತೆಳ್ಳಗೆ, ಆದರೆ ಜೊಂಡನ್ನು ಕೊಯ್ದುಕೊಂಡು ಬರುತ್ತದೆ. ರಬ್ಬರ್ ಕಪ್ಪೆಗಳನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ ಆರಿಸಿದ್ದೇನೆ. ಹಿಚುಕಿದರೆ ಚಪ್ಪಟೆಯಾಗಿ ಬೆನ್ನ ಮೇಲಿನ ಗಾಳದ ಮುಳ್ಳು ಹೊರಗೆ ಕಾಣಬೇಕು. ಗಟ್ಟಿ ಕಪ್ಪೆ ಮೀನಿನ ಬಾಯಿಂದ ಜಾರಿಬರುತ್ತದೆ. ಮುಳ್ಳಿನ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಳಗೊಕ್ಕೆಗಳನ್ನು ನಾನೇ ಒತ್ತಿ ಚಪ್ಪಟೆ ಮಾಡಿದ್ದೇನೆ, ಬಿಡಿಸುವಾಗ ಮೀನಿನ ತುಟಿ ಹರಿಯಬಾರದು ಅಂತ. ನಮ್ಮ ಪದ್ಧತಿ ಹಿಡಿದು ಬಿಡುವುದು ಅಂತ ತುಕಾರಾಮನಿಗೆ ಹೇಳಿದ್ದೀಯಾ? ಆ ಪದ್ಧತಿ ಎಲ್ಲಿಂದ ಬಂತು ಅಂತ ಹೇಳಿದ್ದೀಯಾ?

ನಿನ್ನ ತಾಯಿ ತುಳಸಾಬಾಯಿ ಕಾಕು ನಿಮ್ಮ ಅಂಗಳದಲ್ಲಿ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. 'ಗಾಳಾ ಹಾಕ್ತೀನಿ ಅಂದ್ರ ಹಾಕು, ನನ್ನ ಮಾತು ಎಂದ ಕೇಳೀದಿ ನೀ? ಆದ್ರ ಮೀನಿಗೆ ಕೈ ಹಚ್ಚಿ ನನ್ನ ಹೊಸ್ತಲಾ ದಾಟಬ್ಯಾಡ. ತುಳಸಿ ಮುಟ್ಟಿ ಹೇಳು.' ನೀನು ಮುಟ್ಟಿ ಹೇಳಿದೆ. ಆಮೇಲೆ ಕಾಕು ನನ್ನ ಕಡೆ ತಿರುಗಿ, 'ಭೀಮಶಿ, ನೀ ಇದ್ದೀಯಲ್ಲಪಾ,' ಅಂದರು. ಅವತ್ತಿನಿಂದ ಗಾಳ ನಿನ್ನದು, ಕೈ ನನ್ನದು. ನೀನು ದಂಡೆಯವರೆಗೆ ಎಳೆದು ತರುವುದು, ನಾನು ನೀರಿಗಿಳಿದು ಮುಳ್ಳು ಬಿಡಿಸಿ, ಮೀನು ಸುಧಾರಿಸಿಕೊಳ್ಳುವವರೆಗೆ ಹಿಡಿದು, ಬಿಡುವುದು. ನಾನು ತಿನ್ನುವ ಮನೆಯವನು. ಕೈಗೆ ಬಂದದ್ದನ್ನು ಬಿಟ್ಟು ಖಾಲಿ ಚೀಲ ತರುವುದಕ್ಕೆ ಮಾಯಾ ಓಣಿಯ ಹೆಂಗಸರೆದುರು ಏನು ಹೇಳುತ್ತಿದ್ದಳು ಗೊತ್ತೇ? 'ನಮ್ಮ ಮನ್ಯಾವ್ರು ಮೀನ ಹಿಡ್ಯಾಕ ಹೋಗೂದಿಲ್ಲಬೇ, ಮಾತಾಡ್ಸಿ ಬರಾಕ ಹೋಗ್ತಾರ.'

ಮೀನು ನನ್ನ ಕೈಯಲ್ಲಿದ್ದಾಗ ನೀನು ಪ್ರತಿ ಸಲ ಬಗ್ಗಿ, ಕೈ ಹಿಂದೆ ಕಟ್ಟಿಕೊಂಡು, 'ಹ್ಯಾಂಗ ಅನಸ್ತದೋ ಕೈಯಾಗ?' ಅಂತ ಕೇಳುತ್ತಿದ್ದೆ. ಪ್ರತಿ ಸಲ ನಾನು ಹೊಸ ಉತ್ತರ ಹುಡುಕಬೇಕಾಗುತ್ತಿತ್ತು. ಒಮ್ಮೆ ಹಸಿ ಸಾಬೂನು ಅಂದೆ, ಒಮ್ಮೆ ಎಣ್ಣೆ ಹಚ್ಚಿದ ಕೂಸಿನ ಕಾಲು ಅಂದೆ. ನೀನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮನೆಯಲ್ಲಿ ಊಟ ಮಾಡುವಾಗಲೂ ನಾನು ಮುಂದಿನ ಸಲ ಏನು ಹೇಳಲಿ ಅಂತ ಯೋಚಿಸುತ್ತಿದ್ದದ್ದುಂಟು.

ಕಾಕು ತೀರಿಕೊಂಡರು. ವರ್ಷಾಂತಿಕ ಮುಗಿದ ಮೇಲೆ ಒಂದು ಭಾನುವಾರ ದೊಡ್ಡ ಮರಲ ಸಿಕ್ಕಿತ್ತು. 'ಈಗರ ಒಂದ ಸರ್ತಿ ಹಿಡದ ನೋಡಲೇ. ಇನ್ನ ಬೈಯಾವ್ರು ಯಾರ ಅದಾರ?' ಅಂದೆ. ನೀನು ತಲೆ ಅಲ್ಲಾಡಿಸಿದೆ. 'ಆಯಿ ಬೈತಾಳ ಅಂತ ಇಷ್ಟು ದಿವಸ ಮುಟ್ಟಲಿಲ್ಲ. ಬೈಯೋರಿಲ್ಲ ಅಂತ ಈಗ ಮುಟ್ಟಿದ್ರ ಅದಕ್ಕ ಮಾತು ಅಂತಾರೇನೋ? ನಿನ್ನ ಕೈ ಅದ ಅಲ್ಲ, ಸಾಕು ನನಗ.' ನಾನು ಮೀನು ಬಿಟ್ಟೆ. ಮನೆಗೆ ಬಂದು ಮಾಯಾಗೆ ಈ ಮಾತನ್ನು ಎರಡೆರಡು ಸಲ ಹೇಳಿದೆ. ಅಷ್ಟು ದೊಡ್ಡ ಮಾತು ನನಗೆ ಯಾರೂ ಹೇಳಿರಲಿಲ್ಲ.

ಮಿರಜಿನ ಮುದುಕ ಸಾಮಾನು ಕಟ್ಟುವಾಗ ಮುಳ್ಳು ಬಿಡಿಸುವ ಉದ್ದ ಮೂತಿಯ ಇಕ್ಕಳವೊಂದನ್ನು ತೆಗೆದು ಮುಂದಿಟ್ಟು, 'ಇದು ಬ್ಯಾಡೇನ್ರಿ?' ಅಂತ ಕೇಳಿದ. 'ಬ್ಯಾಡ್ರಿ, ಮುಳ್ಳ ಬಿಡಸಾಕ ನಾ ಇರತೇನಲ್ಲ,' ಅಂದುಬಿಟ್ಟೆ. ರೂಢಿಯ ಮಾತು, ಬಾಯಿಗೆ ಬಂತು. ಬಸ್ ಸ್ಟ್ಯಾಂಡಿನವರೆಗೆ ನಡೆದ ಮೇಲೆ ಹೊಳೆಯಿತು, ನಾನು ಎಲ್ಲಿರುತ್ತೇನೆ? ಬಿಸಿಲಲ್ಲಿ ರಾಡು ಹೊತ್ತು ತಿರುಗಿ ಹೋಗಿ ಇಕ್ಕಳ ತಂದೆ. ಮುದುಕ ಕಾಗದದಲ್ಲಿ ಸುತ್ತಿಕೊಟ್ಟ.

ಇಲ್ಲಿಯ ಸುದ್ದಿ ವಿಶೇಷವೇನಿಲ್ಲ. ತಿಮ್ಮಾಪುರದಿಂದ ತಂದ ನಾಯಿಮರಿ ಈಗ ನನ್ನ ಸೊಂಟದವರೆಗೆ ಹಾರುತ್ತದೆ. ನೀನು ಹೊಳೆಗೆ ಹೋಗುವಾಗ ಮೆಟ್ಟುತ್ತಿದ್ದ ಚಪ್ಪಲಿ ನಮ್ಮ ಹಿತ್ತಿಲಲ್ಲೇ ಉಳಿದಿತ್ತಲ್ಲ, ಒಂದನ್ನು ಅದು ಪೂರ್ತಿ ಕಡಿದು ಹಾಕಿದೆ. ಇನ್ನೊಂದನ್ನು ಮಾಯಾ ಗೋಡೆಯ ಮಾಡದಲ್ಲಿ ಎತ್ತಿಟ್ಟಿದ್ದಾಳೆ. 'ಒಂದ ಚಪ್ಲಿ ಇಟಗೊಂಡ ಏನ ಮಾಡ್ತಿ?' ಅಂದರೆ, 'ಅವರ ಬಂದ್ರ ಬೈಯಾಕ ಸಾಕ್ಷಿ ಬೇಕಲ್ರಿ,' ಅನ್ನುತ್ತಾಳೆ.

ರಾಡನ್ನು ಬಿಸಿಲಿಗೆ ಒರಗಿಸಿ ಇಡಬೇಡಿ. ರೀಲಿಗೆ ಹೊಳೆಯ ಉಸುಕು ಹೊಕ್ಕರೆ ಕೂಡಲೇ ತೊಳೆಯಿರಿ. ನಿನ್ನ ಮಗಳು ಮೃಣ್ಮಯಿಗೆ ನನ್ನ ಆಶೀರ್ವಾದ ಹೇಳು, ಅವಳು ಕಳಿಸಿದ ನವಿಲಿನ ಚಿತ್ರದಲ್ಲಿ ಕತ್ತು ಮಾತ್ರ ತುಸು ದಪ್ಪವಾಗಿದೆ, ಉಳಿದದ್ದೆಲ್ಲ ಛಲೋ ಇದೆ. ನಮ್ಮ ದೇವರು ಬೀರಪ್ಪ ನಿಮ್ಮ ಮನೆಯನ್ನು ತಂಪಾಗಿ ಇಟ್ಟಿರಲಿ. ತುಕಾರಾಮನಿಗೂ ಮೊದಲನೆಯ ಮೀನು ಬೇಗ ಸಿಗಲಿ. ನೋಡು, ಅಷ್ಟನ್ನೂ ಬರೆದೆ.

ನಿನ್ನ
ಭೀಮಶಿ

ತಾ. ಕ.: ಫೋಟೋದ ಬಗ್ಗೆ ಬರೆದದ್ದೆಲ್ಲ ಅದರ ಮೇಲಿನ ಅರ್ಧದ್ದು. ಟೊಪ್ಪಿಗೆ, ಕನ್ನಡಕ, ಇಸ್ತ್ರಿ. ಎರಡು ವಾರ ಉತ್ತರ ಬರೆಯದೇ ಇದ್ದದ್ದು ಕೆಳಗಿನ ಅರ್ಧ ನೋಡಿ. ಮೀನು ನಿನ್ನ ಕೈಯಲ್ಲಿದೆ, ಪವಮಾನ. ನಾನು ಹಿಡಿಯುವ ಹಾಗೆಯೇ ಹಿಡಿದಿದ್ದೀ, ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಬಾಲದ ಹತ್ತಿರ. ಇಕ್ಕಳ ತುಕಾರಾಮನಿಗಲ್ಲ, ನಿನಗೆ. ಮಾತು ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ, ಅದು ನಿನಗೂ ಕಾಕುಗೂ ಬಿಟ್ಟದ್ದು. ಆದರೆ ಇಷ್ಟು ವರ್ಷ ನನ್ನನ್ನು ಕೇಳಿದವನು ನೀನು. ಕೊನೆಗೆ ನಿನಗೇ ಗೊತ್ತಾದ ದಿನ ಪಕ್ಕದಲ್ಲಿ ಅವನಿದ್ದ, ನಾನಿರಲಿಲ್ಲ. ಮನೆಗೆ ಬಂದ ಮೇಲಾದರೂ ಒಂದು ಫೋನು ಮಾಡಿ ಹೇಳಬೇಕು ಅಂತ ಅನಿಸಲೇ ಇಲ್ಲವೇ? ಹೆಂಗ ಅನಸ್ತಲೇ, ಕೈಯಾಗ?