ಬುಧವಾರದ ವ್ಯಾನು

ನವೆಂಬರ್ 5, ಭಾನುವಾರ

ದೀಪ ಆರಿದ ಮೇಲೂ ಬತ್ತಿಗೆ ಬೆಳಕಿನ ನೆನಪಿರುತ್ತದೆ — ಹೀಗೇ ಇತ್ತೇ ಆ ಸಾಲು? ‘ನೆನಪು’ ಅಂತಿತ್ತೋ, ‘ಬಿಸಿ’ ಅಂತಿತ್ತೋ. ಎಂ.ಎ. ಓದುವಾಗ ಯಾವುದೋ ಪುಸ್ತಕದ ಅಂಚಿನಲ್ಲಿ ಬರೆದುಕೊಂಡದ್ದು. ಚರ್ಚಿನಲ್ಲಿ ಆರಾಧನೆ ಮುಗಿದು, ಪ್ರಭುಭೋಜನದ ಪುಟ್ಟ ಗ್ಲಾಸುಗಳನ್ನು ತೊಳೆಯುತ್ತಾ ನಿಂತಾಗ ತಲೆಗೆ ಬಂತು. ಸಾಲು ಚೆಂದ. ನಿಜವೇ? ಆರಿದ ಬತ್ತಿಯಲ್ಲಿ ನಮಗೆ ಕಾಣುವುದು ಹೊಗೆ ಮಾತ್ರ.

ಇವರು ಪ್ರಸಂಗದ ನಡುವೆ ಮತ್ತೆ ನಿಂತುಬಿಟ್ಟರು. ಶಿಷ್ಯರು ದೋಣಿ ಹತ್ತಿದರು, ಗಾಳಿ ಎದ್ದಿತು, ದೋಣಿ ನಡುನೀರಿಗೆ ಬಂತು... ಅಷ್ಟೇ. ಇಡೀ ಸಭೆ ನಡುನೀರಿನಲ್ಲಿ. ಇವರ ಕೈ ಪೀಠದ ಅಂಚನ್ನು ಸವರುತ್ತಿತ್ತು. ಮೊದಲ ಬೆಂಚಿನಿಂದ ಮುಖ ಚೆನ್ನಾಗಿ ಕಾಣುತ್ತದೆ. ಧ್ಯಾನದ ಮುಖವಲ್ಲ ಅದು. ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಡುವವರ ಮುಖ.

ಹಿಂದೆ ಯಾರೋ ಬಿಕ್ಕಿದರು. ಆಮೆನ್ ಅಜ್ಜಿ — ಎಲ್ಲದಕ್ಕೂ ಎಲ್ಲರಿಗಿಂತ ಮೊದಲು ಆಮೆನ್ ಅನ್ನುವವಳು, ಅದಕ್ಕೇ ಆ ಹೆಸರು — ಗಟ್ಟಿಯಾಗಿ ಆಮೆನ್ ಅಂದಳು. ಇವರು ಬೆಚ್ಚಿಬಿದ್ದು, ಆಶೀರ್ವಾದ ಹೇಳಿ ಮುಗಿಸಿದರು.

ಬಾಗಿಲಲ್ಲಿ ಸಭೆಯ ಕಾರ್ಯದರ್ಶಿ. “ಅಮ್ಮನವರೇ, ಇವತ್ತು ಪಾಸ್ಟರು ಮಾತಾಡ್ಲಿಲ್ಲ, ಆತ್ಮನೇ ಮಾತಾಡಿದ. ಆ ಮೌನ ಇದೆಯಲ್ಲ, ಅಬ್ಬಾ! ಬೆಂಚು ಸಾಲದೆ ಕುರ್ಚಿ ತರಿಸೋ ಹಾಗಾಯ್ತು ನೋಡಿ.”

ಹೂಂ ಅಂದೆ.

ನವೆಂಬರ್ 8, ಬುಧವಾರ

ವ್ಯಾನಿನ ದಿನ. ಮನೆಯಿಂದ ಒಬ್ಬರೇ ಹೊರಬರಲಾರದ ವೃದ್ಧರನ್ನು ಇವರೇ ಹೋಗಿ ಕರೆತರುತ್ತಾರೆ. ಪ್ರಾರ್ಥನೆ, ಊಟ, ಬಿಪಿ ನೋಡುವುದು, ಹರಟೆ. ನಾಲ್ಕಕ್ಕೆ ಮತ್ತೆ ಮನೆಗೆ ಬಿಡುವುದು. ಪಾಸ್ಟರಾಗಿ ಬಂದ ವರ್ಷವೇ ಹಟ ಹಿಡಿದು ಶುರುಮಾಡಿದ್ದು. ಡ್ರೈವರ್ ಇಡೋಣ ಅಂತ ಕಮಿಟಿಯವರು ಅಂದರೆ, “ಕುರುಬ ಕುರಿ ಕಾಯೋಕೆ ಆಳಿಡ್ತಾನೇನ್ರಿ?” ಅಂದಿದ್ದರು.

ಸಂಜೆ ಆಮೆನ್ ಅಜ್ಜಿಯ ಫೋನು. “ಪಾಸ್ಟರಮ್ಮಾ, ಇವತ್ತು ಬೈಪಾಸಲ್ಲಿ ನಡುರಸ್ತೇಲೇ ವ್ಯಾನು ನಿಲ್ಸಿ, ಕಣ್ಣು ಬಿಟ್ಕೊಂಡೇ ಪ್ರಾರ್ಥನೆಗೆ ಹೋಗಿಬಿಟ್ರಮ್ಮಾ! ಹಿಂದಿನ ಲಾರಿಯೋನು ಬೈದಿದ್ದೇ ಬೈದಿದ್ದು. ಬೈಕೊಳ್ಲಿ ಬಿಡು ಅಂತ ನಾವು ಹಾಡು ಹೇಳ್ತಾ ಕೂತ್ವಿ. ಮೈ ಜುಂ ಅಂತು.”

ನನಗೂ ಜುಂ ಅಂತು.

ನವೆಂಬರ್ 13, ಸೋಮವಾರ

ಡಾಕ್ಟರು ಚಿಕ್ಕ ವಯಸ್ಸಿನವಳು. ಸ್ಕ್ಯಾನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಇವರನ್ನು ಕೇಳಿದಳು, “ಇವತ್ತು ಯಾವ ವಾರ ಸರ್?”

“ಯಾವ ವಾರ ಆದ್ರೇನು ಡಾಕ್ಟರೇ, ನಮ್ಮ ವ್ಯಾಪಾರ ಭಾನುವಾರ ಮಾತ್ರ.”

ನಾನು ನಕ್ಕೆ. ಅವಳು ನಗಲಿಲ್ಲ.

ಮರೆವಿನ ಕಾಯಿಲೆ. ವಯಸ್ಸಿಗೆ ಮೊದಲೇ ಬಂದಿದೆ. ಇವರಿಗೆ ಐವತ್ತಾರು. ಇನ್ನು ಗಾಡಿ ಮುಟ್ಟಲೇಬಾರದು — ಎರಡು ಸಲ ಹೇಳಿದಳು. ಎರಡು ಸಲವೂ ನನ್ನನ್ನು ನೋಡಿ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಂದರು, “ಡಿಸೆಂಬರ್ ಹತ್ತನೇ ತಾರೀಖಿನ ದೀಕ್ಷಾಸ್ನಾನ ಒಂದು ಮುಗೀಲಿ. ಆಮೇಲೆ ಪೀಠದಿಂದ ನಾನೇ ಹೇಳ್ತೀನಿ. ಅಲ್ಲೀವರೆಗೆ ನೀನು ಬಾಯಿ ಬಿಡಬೇಡ.”

“ವ್ಯಾನು?”

“ಬಿಟ್ಟೆ. ಸಾಕಾ?”

ಇಪ್ಪತ್ತೆರಡು ವರ್ಷ ಅದೇ ಪೀಠದಲ್ಲಿ ನಿಂತವರು. ತಮ್ಮ ಸುದ್ದಿ ತಾವೇ ಹೇಳಬೇಕು ಅನ್ನುವುದು ಹೆಚ್ಚೇ? ಒಪ್ಪಿದೆ. ವ್ಯಾನಿನ ಕೀ ನನ್ನ ಬೀರುವಿನಲ್ಲಿ, ಕವನ ಸಂಕಲನಗಳ ಹಿಂದೆ. ಅಲ್ಲಿಗೆ ಈ ಮನೆಯಲ್ಲಿ ಬೇರೆ ಯಾರೂ ಕೈಹಾಕುವುದಿಲ್ಲ.

ನವೆಂಬರ್ 14, ಮಂಗಳವಾರ

ನಾಳೆ ಇವರು ವ್ಯಾನು ಓಡಿಸುವುದಿಲ್ಲ ಅಂತ ಕಾರ್ಯದರ್ಶಿಗೆ ಫೋನ್ ಮಾಡಿದೆ. ಯಾಕೆ ಅಂದರು. ನಿಜ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಬೆನ್ನು ನೋವು ಅಂದೆ.

“ಪಾಪ, ಎಷ್ಟು ಜನರ ಹೊರೆ ಹೊತ್ತಿದಾರೆ, ನೋಯದೆ ಇರುತ್ತಾ? ವಾಸಿಯಾಗೋವರೆಗೂ ನನ್ನ ಅಳಿಯ ಓಡಿಸ್ತಾನೆ ಬಿಡಿ. ಇನ್ನೊಂದು ಕೀ ನನ್ನ ಹತ್ರಾನೇ ಇದೆ.”

ಇನ್ನೊಂದು ಕೀ. ಇರುವುದೇ ಗೊತ್ತಿರಲಿಲ್ಲ.

ನವೆಂಬರ್ 26, ಭಾನುವಾರ

ಮೌನ ಇವತ್ತು ಇನ್ನೂ ಉದ್ದ. ಯಾರೋ ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದ್ದಾರಂತೆ, ಬೇರೆ ಸಭೆಗಳವರೂ ಬಂದಿದ್ದರು. ಗೋಡೆಗೆ ಒರಗಿ ನಿಂತು ಅತ್ತರು. ಕಮಿಟಿಗೆ ಹುರುಪೋ ಹುರುಪು — ಶುಕ್ರವಾರವೂ ವ್ಯಾನು ಓಡಿಸಬೇಕಂತೆ, ಇನ್ನೂ ದೂರದ ಮನೆಗಳಿಗೆ. ಆಮೆನ್ ಅಜ್ಜಿ ಇವರ ಬೆನ್ನಿಗಾಗಿ ಮೊಣಕಾಲೂರಿ ಪ್ರಾರ್ಥಿಸಿದಳು. ಇಲ್ಲದ ನೋವಿಗೆ. ನಾನೂ ಕಣ್ಣು ಮುಚ್ಚಿದ್ದೆ.

ಮನೆಗೆ ಬಂದು ಶೂ ಬಿಚ್ಚುತ್ತಾ ಕೇಳಿದರು, “ಮುಂದಿನ ಬೆಂಚಲ್ಲಿ ಒಬ್ಬರು ಕೂತಿದ್ರಲ್ಲ, ಯಾರವರು? ಬಹಳ ದುಃಖದಲ್ಲಿದ್ದ ಹಾಗಿತ್ತು. ಒಂದ್ಸಲ ಅವರ ಮನೆಗೆ ಹೋಗಿ ಬರಬೇಕು.”

“ನಾನೇ ಅಲ್ವಾ ಅದು.”

“ಛೆ, ನೀನಲ್ಲ. ನೀಲಿ ಶಾಲು ಹೊದ್ದಿದ್ರು.”

ನೀಲಿ ಶಾಲು ಇನ್ನೂ ನನ್ನ ಹೆಗಲ ಮೇಲೆಯೇ ಇತ್ತು.

ಕಾರ್ಯದರ್ಶಿಗೆ ಹೇಳಿಬಿಡಲೇ? ಫೋನು ಎತ್ತಿಕೊಂಡೆ. ಕೆಳಗಿಟ್ಟೆ. ಮಾತು ಕೊಟ್ಟಿದ್ದೇನೆ. ಹತ್ತನೇ ತಾರೀಖು ಬರಲಿ.

ಡಿಸೆಂಬರ್ 6, ಬುಧವಾರ. ರಾತ್ರಿ ಎಂಟು

ಇವರು ಒಳಗೆ ಮಲಗಿದ್ದಾರೆ. ಬಿಟ್ಟು ನಾನೂ ಹುಡುಕಲು ಹೋಗುವಂತಿಲ್ಲ. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ — ಪೊಲೀಸರು ಮತ್ತೆ ಬರುತ್ತಾರಂತೆ, ಹೇಳುವಾಗ ತಪ್ಪಬಾರದು.

ಪಾಠ ಮುಗಿಸಿ ಐದಕ್ಕೆ ಸ್ಕೂಲಿನಿಂದ ಬಂದೆ. ಮನೆಗೆ ಬೀಗ. ಸಭೆಯ ಅಂಗಳದಲ್ಲಿ ವ್ಯಾನಿಲ್ಲ. ಬೀರು ತೆಗೆದು ನೋಡಿದೆ, ಕೀ ಇಟ್ಟಲ್ಲೇ ಇತ್ತು. ಒಂದು ಕ್ಷಣ ಉಸಿರು ಬಂತು. ಆಮೇಲೆ ಕಾರ್ಯದರ್ಶಿಗೆ ಫೋನ್ ಮಾಡಿದೆ.

“ಬೆನ್ನು ಪೂರ್ತಿ ವಾಸಿಯಾಯ್ತು ಅಂದ್ರಲ್ಲ ಪಾಸ್ಟರು? ಅಳಿಯನಿಗೂ ಆಫೀಸಿತ್ತು, ಕೀ ಕೊಟ್ಟೆ. ಬೆಳಿಗ್ಗೆ ಅವರೇ ಕರ್ಕೊಂಡು ಬಂದ್ರು, ನಾಲ್ಕಕ್ಕೆ ಬಿಡೋಕೆ ಹೋದ್ರು. ಆಮೆನ್ ಅಜ್ಜಿ, ಇನ್ನಿಬ್ರು ಅಜ್ಜಿಯರು. ಯಾಕೆ ಅಮ್ಮನವರೇ?”

ಮಾತು ಮರೆತರೋ, ಮುರಿದರೋ. ಇನ್ನು ಅದನ್ನು ತಿಳಿಯುವ ದಾರಿಯಿಲ್ಲ.

ಹೇಳಿದೆ. ಡಾಕ್ಟರು, ಸ್ಕ್ಯಾನು, ಬೆನ್ನಿನ ಸುಳ್ಳು, ಎಲ್ಲ ಒಂದೇ ಉಸಿರಿಗೆ. “ಮೂರು ಜೀವ, ಅಮ್ಮನವರೇ,” ಅಂದರು ಕಾರ್ಯದರ್ಶಿ.

ಮೂರೂ ಮನೆಗಳಿಗೆ ಫೋನ್ ಮಾಡಿದೆ. ಯಾರೂ ತಲುಪಿರಲಿಲ್ಲ. ಆಮೆನ್ ಅಜ್ಜಿಯ ಮೊಬೈಲು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮತ್ತೆ ಮಾಡಿದೆ. ಹೊರಗೆ ಕತ್ತಲಾಗುತ್ತಿತ್ತು, ಗಾಳಿ ಮೈ ಕೊರೆಯುವಂತಿತ್ತು. ಮೊಬೈಲು ಕಿವಿಗಿಟ್ಟುಕೊಂಡೇ ಇದ್ದೆ, ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಟೇಲರಕ್ಕ. ಕತ್ತಿನಲ್ಲಿ ಟೇಪು ಹಾಗೇ ನೇತಾಡುತ್ತಿತ್ತು.

“ಅಕ್ಕಾ, ಪಾಸ್ಟರು ನಮ್ಮ ಗೇಟಿಗೆ ಅಡ್ಡ ವ್ಯಾನು ನಿಲ್ಸಿದಾರೆ. ಹಿಂದಿನ ಬಾಗಿಲು ಹಾರು ಹೊಡೆದಿದೆ, ಒಳಗೆ ಯಾರೂ ಇಲ್ಲ, ಸೀಟಿನ ಮೇಲೆ ಒಂದು ಫೋನು ಬಡ್ಕೊಳ್ತಾನೇ ಇದೆ. ಅಜ್ಜಿಯರನ್ನೆಲ್ಲ ಎಲ್ಲಿ ಇಳಿಸಿದ್ರಿ ಅಂತ ಕೇಳಿದ್ರೆ, ನಗ್ತಾ ‘ಯಾವ ಅಜ್ಜಿಯರಮ್ಮಾ’ ಅಂತಾರೆ...”